ಬಾಯಮ್ಮನ ಕ್ರಿಸ್ಮಸ್ ಚಟ್ಟಿ

ಅವರಿಗೆ ಒಂದು ಹೆಸರಿತ್ತು. ಕಾರ್ಖಾನೆಯ ಹಾಜರಿ ಪಟ್ಟಿಯಲ್ಲಿ ತಿಂಗಳಿಗೊಮ್ಮೆ ಆ ಹೆಸರನ್ನು ಟೈಪ್ ಮಾಡುತ್ತಿದ್ದವಳು ನಾನೇ. ಆದರೆ ಯಾರಾದರೂ ಅವರನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ಬಾಯಮ್ಮ ಅನ್ನುತ್ತಾರೆ. ನಮಗೆಲ್ಲ ಅವರು ಬಾಯಮ್ಮ. “ಬಾಯಿ ಇಲ್ದಿದ್ ಬಾಯಮ್ಮ” ಎಂದು ಜೊತೆಯ ಹೆಂಗಸರು ನಗಾಡುತ್ತಿದ್ದರು. ಅಷ್ಟು ಕಡಿಮೆ ಮಾತು.

ಕುಂದಾಪುರದ ಹೊಳೆ ಬದಿಯ ಹಂಚಿನ ಕಾರ್ಖಾನೆಗೆ ನಾನು ಟೈಪಿಸ್ಟಾಗಿ ಸೇರಿದ್ದು 1997ರಲ್ಲಿ, ಮಳೆಗಾಲ ಮುಗಿದ ಮೇಲೆ. ನನ್ನ ಮೇಜಿನ ಎದುರಿನ ಕಿಟಕಿಯಿಂದ ಹಂಚು ಆರಿಸುವ ಅಂಗಳ ಕಾಣುತ್ತಿತ್ತು. ಭಟ್ಟಿಯಿಂದ ಇಳಿಸಿದ ಹಂಚುಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತು ತಂದು ಅಲ್ಲಿ ಸಾಲಾಗಿ ಇಡುತ್ತಿದ್ದರು. ಬಾಯಮ್ಮ ಕುಕ್ಕುರುಗಾಲಿನಲ್ಲಿ ಕೂತು ಒಂದೊಂದನ್ನೇ ಎಡಗೈಯ ಎರಡು ಬೆರಳಲ್ಲಿ ತೂಗಿ ಹಿಡಿದು, ಬಲಗೈಯ ಗೆಣ್ಣಿನಿಂದ ಒಮ್ಮೆ ತಟ್ಟುವರು. ಒಳ್ಳೆಯ ಹಂಚು ಕಂಚಿನ ಬಟ್ಟಲಿನಂತೆ ದನಿ ಕೊಡುತ್ತದೆ. ಒಳಗೆ ಬಿರುಕಿದ್ದರೆ ದನಿ ಸತ್ತಿರುತ್ತದೆ. ಇದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿದ್ಯೆಯೇ. ಆದರೆ ನಾನು ಸೇರಿದ ವಾರವೇ ಹಂಚು ಒತ್ತುವ ಪ್ರೆಸ್ಸಿನ ಮೇಸ್ತ್ರಿ ಒಂದು ಪರೀಕ್ಷೆ ಇಟ್ಟರು. ಬಾಯಮ್ಮನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಹತ್ತು ಮಾರು ದೂರದಲ್ಲಿ ನಿಂತು, ಇಪ್ಪತ್ತು ಹಂಚುಗಳನ್ನು ತಾವೇ ತಟ್ಟುತ್ತ ಹೋದರು.

“ಏಳ್ನೇದ್,” ಅಂದರು ಬಾಯಮ್ಮ, ತಿರುಗದೆ.

ಏಳನೆಯದನ್ನು ಎತ್ತಿ ನೋಡಿದರೆ ಎಲ್ಲೂ ಏನೂ ಇಲ್ಲ. ಮೇಸ್ತ್ರಿ ಗೆದ್ದೆನೆಂದು ನಕ್ಕರು. ಬಾಯಮ್ಮ ಎದ್ದು ಬಂದು ಅದರ ಮೇಲೆ ಒಂದು ಚೊಂಬು ನೀರು ಹೊಯ್ದರು. ನೀರು ಇಳಿದ ಮೇಲೆ ಕೂದಲೆಳೆಯಷ್ಟು ಸಣ್ಣದೊಂದು ಕಪ್ಪು ಗೆರೆ ಮೂಡಿತು. ಅವರು ಹಂಚನ್ನು ಕೆಳಗಿಟ್ಟು ಮತ್ತೆ ತಮ್ಮ ಜಾಗಕ್ಕೆ ಹೋಗಿ ಕೂತರು. ಕಿಟಕಿಯಲ್ಲಿ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಎತ್ತರದ ಆಳು. ಹುಬ್ಬಿನ ಮೇಲೆ ಯಾವಾಗಲೂ ಹಂಚಿನ ಕೆಂಪು ಹುಡಿ. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕುತ್ತಿಗೆಯಲ್ಲಿ ಕಪ್ಪು ದಾರದ ಶಿಲುಬೆ. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬ್ರಹ್ಮಾವರದಲ್ಲಿ ಒಂದು ಸಣ್ಣ ಮನೆ. ಬೆಳಿಗ್ಗೆ ಬಸ್ಸಿನಲ್ಲಿ ಬರುವರು, ಸಂಜೆ ಬಸ್ಸಿನಲ್ಲಿ ಹೋಗುವರು. ಕಿಟಕಿ ಬದಿಯ ಸೀಟಿಗಾಗಿ ಮಾತ್ರ ಯಾರೊಂದಿಗಾದರೂ ಜಗಳಕ್ಕೆ ನಿಲ್ಲುವರು.

ನವರಾತ್ರಿ ಕಳೆಯುತ್ತಿದ್ದಂತೆ ಬಾಯಮ್ಮನಿಗೆ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ಪ್ರೆಸ್ಸಿನ ಅಚ್ಚಿನಿಂದ ಹೊರಗೆ ಉಳಿದ ಜೇಡಿಮಣ್ಣನ್ನು ಒಟ್ಟುಮಾಡಿ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೂವಿನ ಚಟ್ಟಿ ಮಾಡುವುದು. ಚಕ್ರವಿಲ್ಲ, ಅಚ್ಚಿಲ್ಲ. ಜೇಡಿಯನ್ನು ಹಗ್ಗದಂತೆ ಹೊಸೆದು ಸುತ್ತಿ ಸುತ್ತಿ ಮೇಲೆ ತಂದು, ಒದ್ದೆ ಬೆರಳಿನಿಂದ ಸವರಿ ನುಣ್ಣಗೆ ಮಾಡುವರು. ಕ್ರಿಸ್ಮಸ್ಸಿಗೆ ಕಾರ್ಖಾನೆಯ ಪ್ರತಿಯೊಬ್ಬರಿಗೂ ಒಂದು. ಹತ್ತಿರ ಹತ್ತಿರ ನಲವತ್ತು ಚಟ್ಟಿ.

ಆದರೆ ಒಂದರಂತೆ ಇನ್ನೊಂದಿಲ್ಲ. ಚಟ್ಟಿ ಹಸಿ ಇರುವಾಗ ಅದು ಯಾರಿಗೋ ಅವರ ಮನೆಯ ಒಂದು ವಸ್ತುವನ್ನು ಮೈಗೆ ಒತ್ತಿ ಅಚ್ಚು ಮೂಡಿಸುವರು. ಗಂಗೊಳ್ಳಿಯಿಂದ ಬರುತ್ತಿದ್ದ ಹೆಂಗಸಿನ ಚಟ್ಟಿಗೆ ಅವಳ ಗಂಡನ ಹರಿದ ಬಲೆಯ ತುಂಡು. ಕೋಟದವಳಿಗೆ ಅವಳ ಗದ್ದೆಯ ಭತ್ತದ ತೆನೆ. ಮಗಳನ್ನು ದೂರ ಮದುವೆ ಮಾಡಿಕೊಟ್ಟು ಸೊರಗಿದ್ದ ಒಬ್ಬಳಿಗೆ ಆ ಮಗಳ ಎಳೆಗಾಲಿನ ಗೆಜ್ಜೆ. ಹಂಚಿನ ಭಟ್ಟಿಯಲ್ಲೇ ಸುಟ್ಟು ತೆಗೆದ ಮೇಲೆ ಆ ಗುರುತುಗಳ ಸುತ್ತ ಸುಣ್ಣದ ಬಿಳಿ ಚುಕ್ಕಿ, ಕಾವಿ ಬಣ್ಣದ ಗೆರೆ. ಒಳಗೆ ಅಬ್ಬಲಿಗೆಯೋ ದೊಡ್ಡಪತ್ರೆಯೋ, ಕೇಳಿದವರಿಗೆ ತುಳಸಿಯೋ. ಮೊದಲ ವರ್ಷ ನನ್ನ ಬಳಿ ಬಂದು, “ಹೆಣ್ಣೇ, ನಿನ್ನ್ ಮಿಷಿನ್ನಿಂದ್ ಹಳ್ತ್ ಎಂತಾರೂ ಇತ್ತಾ?” ಎಂದು ಕೇಳಿದರು. ಟೈಪ್ ಮಿಷಿನ್ನಿನ ರಿಬ್ಬನ್ ಸುತ್ತುವ ಖಾಲಿ ಉರುಳೆಯೊಂದನ್ನು ಕೊಟ್ಟೆ. ಕ್ರಿಸ್ಮಸ್ಸಿನ ಮುಂಚಿನ ದಿನ ನನ್ನ ಚಟ್ಟಿ ಬಂತು. ಅದರ ಕಂಠದ ಸುತ್ತ ಹಲ್ಲು ಹಲ್ಲಿನ ಪುಟ್ಟ ಚಕ್ರಗಳು ಒಂದರ ಬೆನ್ನಿಗೊಂದು ಓಡುತ್ತಿದ್ದವು. ದಿನಾ ಬೆರಳಿಗೆ ಮಸಿ ಹತ್ತಿಸುತ್ತಿದ್ದ ಆ ತಗಡಿನ ತುಂಡು ಅಷ್ಟು ಚೆಂದ ಎಂದು ನನಗೆ ಗೊತ್ತೇ ಇರಲಿಲ್ಲ.

ನೆವ್ರಿ, ಕಿಡಿಯೊ ಎಂದು ಹಬ್ಬದ ತಿಂಡಿಗಳನ್ನೂ ಹಂಚುತ್ತಿದ್ದರು. ಅದು ಸಾಲದೇ, ಇಷ್ಟು ಕಷ್ಟ ಯಾಕೆ ಎಂದು ಒಮ್ಮೆ ಕೇಳಿದೆ.

“ತಿಂಡಿ ಎರ್ಡ್ ದಿನಕ್ಕ್ ಮುಗೀತ್. ಚಟ್ಟಿಗ್ ದಿನಾ ನೀರ್ ಹೊಯ್ಕ್ ಅಲ್ದಾ? ನೀರ್ ಹೊಯ್ವತಿಗೆ ಒಂದ್ಸಲ ನನ್ನ್ ನೆನ್ಪ್ ಆತ್ತ್,” ಅಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಕಾರ್ಖಾನೆಯ ಧಣಿಗಳ ಹೆಂಡತಿ ಒಮ್ಮೆ ಇವನ್ನು ನೋಡಿ ಮೆಚ್ಚಿ, ಅಂಗಡಿಯಲ್ಲಿ ಮಾರಲು ಮಾಡಿಕೊಡಿ ಎಂದು ಹೇಳಿಕಳಿಸಿದರು. ಬಾಯಮ್ಮ ಕೈ ತೊಳೆಯುತ್ತ, “ಯಾರಿಗ್ ಅಂದೇಳಿ ಗೊತ್ತಿಲ್ದೆ ಹ್ಯಾಂಗ್ ಮಾಡುದ್?” ಎಂದು ಕೇಳಿದರು. ಬಂದವನು ಆ ಮಾತನ್ನೇ ಹೊತ್ತು ಹಿಂದೆ ಹೋದ.

ನಾನು ಸೇರಿ ನಾಲ್ಕು ವರ್ಷ ಆಗುವಷ್ಟರಲ್ಲಿ ಕಾರ್ಖಾನೆ ಕುಂಟತೊಡಗಿತ್ತು. ಜನ ಹಂಚು ಬಿಟ್ಟು ತಾರಸಿ ಮನೆ ಕಟ್ಟಿಸುತ್ತಿದ್ದರು. ಕೆಲಸದವರನ್ನು ಕಡಿಮೆ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಗಿರಿಜ ಎಂಬವಳು ಹೆಂಗಸರನ್ನು ಸೇರಿಸಿ ಸಂಘ ಕಟ್ಟಲು ಹೊರಟಳು. ಬೈಂದೂರಿನಿಂದ ಬರುತ್ತಿದ್ದವಳು, ಗಟ್ಟಿ ಬಾಯಿಯವಳು, ದಿನಾ ಬಾಯಮ್ಮನ ಪಕ್ಕದಲ್ಲೇ ಬುತ್ತಿ ಬಿಚ್ಚುವವಳು. ಒಂದು ಭಾನುವಾರ ಸಭೆ ನಡೆಯಿತು. ಬಾಯಮ್ಮನೂ ಹೋಗಿದ್ದರು.

ಮುಂದಿನ ಸೋಮವಾರ ಮ್ಯಾನೇಜರು ನನ್ನ ಮುಂದೆ ಒಂದು ಚೀಟಿ ಇಟ್ಟರು. ಅದರಲ್ಲಿ ಹನ್ನೆರಡು ಹೆಸರು, ಮೊದಲನೆಯದು ಗಿರಿಜಳದು. ಬರಹ ಪ್ರೆಸ್ಸಿನ ಮೇಸ್ತ್ರಿಯದು. ಆ ವಕ್ರ ಅಕ್ಷರಗಳನ್ನು ನಾನು ದಿನಾ ಓದುತ್ತಿದ್ದೆ. ಹನ್ನೆರಡು ಮಂದಿಯನ್ನೂ ಕೆಲಸದಿಂದ ತೆಗೆದ ಆದೇಶ ಟೈಪ್ ಮಾಡಬೇಕಿತ್ತು.

“ಯಾರು ಹೆಸರು ಕೊಟ್ಟದ್ದು ಅಂತ ಹೊರಗೆ ಹೋದರೆ, ಹದಿಮೂರನೇ ಹೆಸರು ನಿಮ್ಮದು,” ಅಂದರು ಮ್ಯಾನೇಜರು. ಆಗ ನನ್ನ ಅಪ್ಪಯ್ಯ ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಲ್ಲಿದ್ದರು. ದುಡಿಯುವವಳು ನಾನೊಬ್ಬಳೇ. ಟೈಪ್ ಮಾಡಿದೆ.

ಬುಧವಾರ ಬಾಯಮ್ಮ ಧಣಿಗಳನ್ನು ಕಾಣಲು ಆಫೀಸಿಗೆ ಬಂದರು. ಭಟ್ಟಿಯಲ್ಲಿ ಚಟ್ಟಿ ಇಡಕೂಡದು ಎಂದು ಮ್ಯಾನೇಜರು ಹೇಳಿದ್ದರಂತೆ, ಅದಕ್ಕೆ ಅನುಮತಿ ಕೇಳಲು. ಹೊರಗೆ ಬಂದವರ ಮುಖ ಅರಳಿತ್ತು. “ಒಂದ್ ಮೂಲಿ ಕೊಟ್ರ್,” ಅಂದರು. ಟೈಪಾದ ಆದೇಶಗಳು ಆಗಲೇ ನನ್ನ ಮೇಜಿನ ಡ್ರಾಯರಿನಲ್ಲಿದ್ದವು.

ಶುಕ್ರವಾರ ಪಟ್ಟಿಯನ್ನು ಹಲಗೆಗೆ ಅಂಟಿಸಿದರು. ಮಧ್ಯಾಹ್ನದ ಹೊತ್ತಿಗೆ ಮಾತು ಹುಟ್ಟಿ ಬೆಳೆದಿತ್ತು. ಸಭೆಗೆ ಹೋದ ಬಾಯಮ್ಮನ ಹೆಸರು ಪಟ್ಟಿಯಲ್ಲಿಲ್ಲ. ಎರಡು ದಿನದ ಹಿಂದೆ ಅವರು ಧಣಿಗಳ ಕೋಣೆಗೆ ಹೋಗಿ ನಗುತ್ತ ಹೊರಗೆ ಬಂದದ್ದನ್ನು ಎಲ್ಲರೂ ನೋಡಿದ್ದಾರೆ. ಭಟ್ಟಿಯ ಮೂಲೆಗಾಗಿ ಹನ್ನೆರಡು ಹೆಸರು ಮಾರಿದರಂತೆ. ಗಿರಿಜ ನನ್ನ ಕಿಟಕಿಯ ಹತ್ತಿರ ಬಂದಳು. ಹಿಂದೆ ಹೆಂಗಸರ ಗುಂಪು. ಆ ಗುಂಪಿನ ಕೊನೆಯಲ್ಲಿ ಬಾಯಮ್ಮ.

“ಟೈಪ್ ಮಾಡದ್ ನೀನಲ್ದಾ? ಹೇಳ್. ಹೆಸ್ರ್ ಕೊಟ್ಟದ್ ಯಾರ್?”

“ನಂಗೊತ್ತಿಲ್ಲ,” ಅಂದೆ.

ಬಾಯಮ್ಮ ನನ್ನನ್ನೇ ನೋಡುತ್ತಿದ್ದರು. ಅಷ್ಟೇ ಆದದ್ದು. ಎರಡು ಶಬ್ದ ಹೇಳಿದ್ದರೆ ಸಾಕಿತ್ತು, ನಾನು ಹೇಳಲಿಲ್ಲ.

ಆ ವರ್ಷವೂ ಅವರು ಚಟ್ಟಿ ಮಾಡುವುದನ್ನು ನಿಲ್ಲಿಸಲಿಲ್ಲ. ಯಾರೂ ತಮ್ಮ ಮನೆಯ ವಸ್ತು ಕೊಡಲಿಲ್ಲ. ಹಳೆಯವನ್ನೇ ನೆನಪಿಟ್ಟು ಬಲೆ, ತೆನೆ ಎಂದು ಕಡ್ಡಿಯಿಂದ ಗೀರಿದರು. ಡಿಸೆಂಬರ್ ಇಪ್ಪತ್ತನಾಲ್ಕರ ಸಂಜೆ ನಲವತ್ತು ಚಟ್ಟಿಗಳನ್ನು ಕೈಗಾಡಿಯಲ್ಲಿಟ್ಟುಕೊಂಡು ಗೇಟಿನಲ್ಲಿ ನಿಂತರು. ಕೆಲಸ ಕಳೆದುಕೊಂಡವರೂ ಅಂದು ಗೇಟಿನ ಹೊರಗೆ ಧಿಕ್ಕಾರ ಕೂಗಲು ಸೇರಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಅವರನ್ನು ದಾಟಿ ಹೋದರು. ಗಿರಿಜ ಮಾತ್ರ ನಿಂತಳು.

“ನಮ್ ಹೊಟ್ಟಿ ಮೇಲ್ ಕಾಲಿಟ್ಟ್ ಸುಟ್ಟ್ ಚಟ್ಟಿ ನಮ್ಗ್ ಬ್ಯಾಡ.”

“ಆಯ್ತ್ ಗಿರಿಜಾ,” ಅಂದರು ಬಾಯಮ್ಮ. “ನಿನ್ನ್ ಬಸ್ ಹೋತ್ತ್, ಹೊರಡ್.”

ಎಲ್ಲರೂ ಹೋದ ಮೇಲೆ ನಾನು ಹೊರಬಂದೆ. ತಲೆ ತಗ್ಗಿಸಿಕೊಂಡು ದಾಟುವವಳಿದ್ದೆ. ಅವರು ಒಂದು ಚಟ್ಟಿ ಎತ್ತಿ ನನ್ನ ಕೈಯಲ್ಲಿಟ್ಟರು. “ಅಪ್ಪಯ್ಯ ಹ್ಯಾಂಗಿದ್ರ್?” ಎಂದು ಕೇಳಿದರು. ನಾನು ಚಟ್ಟಿ ಹಿಡಿದುಕೊಂಡು ಓಡುವವಳಂತೆ ಹೊರಟುಹೋದೆ. ಆ ದಿನ ಅವರ ಗಾಡಿಯಿಂದ ಇಳಿದದ್ದು ಅದೊಂದೇ.

ಕಾರ್ಖಾನೆ ಮತ್ತೆ ಎರಡು ವರ್ಷ ಏದುಸಿರು ಬಿಟ್ಟು ಮುಚ್ಚಿತು. ನನಗೆ ಮದುವೆಯಾಗಿ ಬ್ರಹ್ಮಾವರಕ್ಕೆ ಬಂದೆ. ಬಾಯಮ್ಮನ ಮನೆ ನಮ್ಮ ಮನೆಯಿಂದ ಕಾಲ್ನಡಿಗೆಯ ದೂರ ಎಂದು ಗೊತ್ತಿದ್ದರೂ ಆ ಓಣಿಯ ಕಡೆ ತಿರುಗಲಿಲ್ಲ. ಕಾರ್ಖಾನೆ ಮುಚ್ಚಿ ನಾಲ್ಕು ವರ್ಷವಾದ ಮೇಲೆ ಒಂದು ದಿನ ಸಂತೆಯಲ್ಲಿ ಅವರೇ ಹಿಂದಿನಿಂದ, “ಹ್ವಾಯ್, ಟೈಪಿನ್ ಹೆಣ್ಣೇ!” ಎಂದು ಕೂಗಿದರು. ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು.

ಅವರ ಅಂಗಳದಲ್ಲಿ ಕಂಡದ್ದನ್ನು ನಾನು ಮರೆಯಲಾರೆ. ಭಟ್ಟಿ ಇಲ್ಲದ ಮೇಲೂ ಚಟ್ಟಿ ನಿಂತಿರಲಿಲ್ಲ. ಗದ್ದೆಯಂಚಿನ ಜೇಡಿ ತಂದು, ಹಳೆ ಸೀರೆಯಲ್ಲಿ ಸೋಸಿ, ನೆಲದಲ್ಲಿ ಗುಂಡಿ ತೋಡಿ, ತೆಂಗಿನ ಸಿಪ್ಪೆ ಭತ್ತದ ಹೊಟ್ಟು ತುಂಬಿ ಸುಡುತ್ತಿದ್ದರು. ಮೂರರಲ್ಲಿ ಎರಡು ಒಡೆಯುತ್ತಿದ್ದವು. ಒಡೆದಷ್ಟೂ ಮತ್ತೆ ಮಾಡುತ್ತಿದ್ದರು. ಅವನ್ನು ಚೀಲದಲ್ಲಿ ಹುಲ್ಲು ತುಂಬಿ ಇಟ್ಟುಕೊಂಡು, ಡಿಸೆಂಬರಿನಲ್ಲಿ ಬಸ್ಸು ಹತ್ತಿ ಊರೂರಿಗೆ ಹೋಗುತ್ತಿದ್ದರು. ಜೊತೆಗೆ ಕೆಲಸ ಮಾಡಿದವರೆಲ್ಲ ಚದುರಿದ್ದರು. ಒಬ್ಬಳು ಗಂಗೊಳ್ಳಿಯ ಬಂದರಿನಲ್ಲಿ ಮೀನು ಆರಿಸುತ್ತಿದ್ದಳು, ಒಬ್ಬಳು ಮರವಂತೆಯಲ್ಲಿ ಚಾ ಅಂಗಡಿ ಇಟ್ಟಿದ್ದಳು, ಇನ್ನೊಬ್ಬಳು ಕೊಲ್ಲೂರಿನ ವಸತಿಗೃಹದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಎಲ್ಲರಲ್ಲಿಗೂ. ಮೊದಮೊದಲು ಬಾಗಿಲು ಹಾಕಿಕೊಂಡವರೂ ಒಬ್ಬೊಬ್ಬರಾಗಿ ಕೈ ಚಾಚಿದರಂತೆ. ಯಾರಿಗೂ ಒಂದು ವಿವರಣೆಯಿಲ್ಲ, ನಾನಲ್ಲ ಎಂಬ ಒಂದು ಮಾತಿಲ್ಲ.

“ಈಗ ಗಿರಿಜ ಒಬ್ಳ್ ಬಾಕಿ,” ಅಂದರು. “ಈ ಸಲ ಕಾಲ್ ನೋವ್. ಚೀಲ ಹಿಡ್ಕಂಬ್ಕೆ ನೀ ಬತ್ಯಾ?”

“ಹೂಂ,” ಅಂದೆ.

ಬೈಂದೂರಿನಲ್ಲಿ ಬಸ್ಸಿಳಿದು ಅರ್ಧ ಗಂಟೆ ನಡೆದೆವು. ಗಿರಿಜ ಒಣಮೀನಿನ ವ್ಯಾಪಾರ ಮಾಡುತ್ತಿದ್ದಳು. ಅಂಗಳದಲ್ಲಿ ಚಾಪೆ ಹಾಸಿ ಮೀನು ತಿರುವುತ್ತಿದ್ದವಳು ನಮ್ಮನ್ನು ಕಂಡೊಡನೆ ಎದ್ದು ಒಳಗೆ ಹೋದಳು. ಮೆಟ್ಟಿಲ ಪಕ್ಕದಲ್ಲಿ ಹಿಂದಿನ ವರ್ಷದ ಚಟ್ಟಿ ಇಟ್ಟಲ್ಲೇ ಇತ್ತು. ಗಿಡ ಒಣಗಿ ಕಡ್ಡಿಯಾಗಿತ್ತು. ಯಾರೂ ಒಂದು ಹನಿ ನೀರು ಹೊಯ್ದಿರಲಿಲ್ಲ. ಬಾಯಮ್ಮ ಬಗ್ಗಿ ಆ ಒಣಗಿದ್ದನ್ನು ಎತ್ತಿ ಚೀಲಕ್ಕೆ ಹಾಕಿದರು. ಆ ಜಾಗದಲ್ಲಿ ಹೊಸ ಚಟ್ಟಿ ಇಟ್ಟರು. ಕೆಂಪು ಅಬ್ಬಲಿಗೆ ತುಂಬ ಹೂಬಿಟ್ಟಿತ್ತು. ಅವರ ಕೈಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ಪ್ರತಿ ವರ್ಷವೂ ಹೀಗೆಯೇ ಸತ್ತದ್ದನ್ನು ಒಯ್ದು ಜೀವವಿದ್ದದ್ದನ್ನು ಇಟ್ಟು ಹೋಗುತ್ತಿದ್ದಾರೆ ಎಂದು ಯಾರೂ ಹೇಳದೆ ನನಗೆ ತಿಳಿಯಿತು.

“ಬತ್ತೆ ಗಿರಿಜಾ,” ಎಂದು ಮುಚ್ಚಿದ ಬಾಗಿಲಿಗೆ ಹೇಳಿ ಅವರು ತಿರುಗಿದರು. ನನ್ನ ಕಾಲು ಮಾತ್ರ ಏಳಲಿಲ್ಲ.

“ಗಿರಿಜಕ್ಕ,” ಎಂದು ಕೂಗಿದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. “ಗಿರಿಜಕ್ಕ, ಹೆಸರು ಕೊಟ್ಟದ್ದು ಮೇಸ್ತ್ರಿ. ಚೀಟಿ ಅವರ ಕೈಬರಹದಲ್ಲಿತ್ತು. ನಾನು ಟೈಪ್ ಮಾಡಿದ್ದು ಸೋಮವಾರ. ಬಾಯಮ್ಮ ಆಫೀಸಿಗೆ ಬಂದದ್ದು ಬುಧವಾರ.”

ಬಾಗಿಲು ತೆರೆಯಿತು. ಗಿರಿಜ ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿದಳು. ಆಮೇಲೆ ನನ್ನನ್ನು ಬಿಟ್ಟು ಬಾಯಮ್ಮನನ್ನು ಕೇಳಿದಳು.

“ಇವ್ಳಿಗ್ ಗೊತ್ತಿತ್ತ್ ಅಂದೇಳಿ ನಿಮ್ಗ್ ಆಗ್ಳೇ ಗೊತ್ತಿದ್ದಿತ್ತಾ?”

“ಟೈಪ್ ಮಾಡ್ದವ್ಳಿಗ್ ಗೊತ್ತಿಲ್ದೆ ಮತ್ಯಾರಿಗ್ ಗೊತ್ತಿರತ್ತ್?”

“ಮತ್ತೆ ಎಂತಕೆ ಬಾಯಿ ಬಿಡ್ಲಿಲ್ಲ ಮಾರಾಯ್ತಿ? ಇವ್ಳನ್ನ್ ಕೇಳಿ ಅಂದ್ರೆ ಸಾಕಾತಿತ್ತಲ್ದಾ!”

“ಇವ್ಳ್ ಅಪ್ಪಯ್ಯ ಆಸ್ಪತ್ರಿಯಗೆ ಮಲ್ಕಂಡಿದ್ರ್,” ಅಂದರು ಬಾಯಮ್ಮ. “ಹನ್ನೆರ್ಡ್ ಮನಿ ಒಲಿ ಆರಿದ್ದಿತ್ತ್. ಮತ್ತೊಂದ್ ಮನಿದ್ ಎಂತಕ್ ಆರ್ಸುದ್ ಅಂದ್ಕಂಡೆ.”

ಆರು ವರ್ಷ ಊರೂರು ಅಲೆದು ಬೈಸಿಕೊಂಡು, ಬಾಗಿಲು ಹಾಕಿಸಿಕೊಂಡು, ಅವರು ಕಾಪಾಡಿದ್ದು ತಮ್ಮ ಹೆಸರನ್ನಲ್ಲ, ನನ್ನ ಕೆಲಸವನ್ನು. ಕಾರ್ಖಾನೆ ಮುಚ್ಚಿ ನನ್ನ ಕೆಲಸವೇ ಇಲ್ಲವಾದ ಮೇಲೂ ಅವರು ಆ ಮಾತನ್ನು ಹೊರಗೆ ತೆಗೆದಿರಲಿಲ್ಲ.

ಗಿರಿಜ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. “ಬಿಸ್ಲಗೆ ಬಂದಿರಿ. ಒಳ್ಗ್ ಬನ್ನಿ ಬಾಯಮ್ಮ, ಉಂಡ್ಕಂಡ್ ಹೋಯ್ನಿ,” ಅಂದಳು. ಅವರ ಹಿಂದೆ ನಾನೂ ಮೆಟ್ಟಿಲು ಹತ್ತಿದಾಗ ಕೈ ಅಡ್ಡ ಹಿಡಿದಳು. “ನೀನ್ ಹೊರ್ಗೇ ಕೂಕೊ.”

ಬಾಯಮ್ಮ ತಿರುಗಿ ನೋಡಿದರು. ನನ್ನ ಪರವಾಗಿ ಒಂದು ಮಾತು ಹೇಳುತ್ತಾರೆಂದು ಕಾದೆ. ಅವರು ಒಳಗೆ ಹೋದರು.

ಒಂದೂವರೆ ಗಂಟೆ ಆ ಮೆಟ್ಟಿಲ ಮೇಲೆ ಒಣಮೀನಿನ ವಾಸನೆಯಲ್ಲಿ ಕೂತಿದ್ದೆ. ಒಳಗೆ ಮೊದಲು ಅಳು ಕೇಳಿಸಿತು, ಆಮೇಲೆ ಪಾತ್ರೆಯ ಸದ್ದು. ಕೊನೆಗೆ ಗಿರಿಜಳ ಆ ಹಳೆಯ ದೊಡ್ಡ ನಗು. ಹೊರಗೆ ಕೂತದ್ದು ನನಗೆ ಅವಮಾನ ಎನ್ನಿಸಲಿಲ್ಲ. ನನ್ನ ಜಾಗ ಯಾವುದೆಂದು ಯಾರೋ ಕೊನೆಗೂ ಸರಿಯಾಗಿ ಹೇಳಿದಂತೆ ಇತ್ತು.

ಬಸ್ಸಿನಲ್ಲಿ ಬಾಯಮ್ಮ ಕಿಟಕಿ ಬದಿ ಹಿಡಿದು ಕೂತರು. ಮರವಂತೆ ಬಂತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ಎರಡೂ ಹೊಳೆಯುತ್ತಿದ್ದವು. ನಾನು ಕ್ಷಮೆ ಕೇಳಲು ಹೊರಟರೆ ತಡೆದರು.

“ನಾನ್ ದೊಡ್ಡವ್ಳ್ ಅಂದೇಳಿ ತಿಳ್ಕಣ್ಬೇಡ. ಆ ಕ್ರಿಸ್ಮಸ್ ದಿನ ಗಿರಿಜನ್ ಚಟ್ಟಿ ನಾನೇ ಎತ್ತಿ ಬಾವಿಕಟ್ಟಿಗ್ ಬಡ್ದ್ ಒಡ್ದಿದೆ. ನಿನ್ನ್ ಮೇಲೂ ಸಿಟ್ಟಿತ್ತ್. ಇವತ್ತಿಗೂ ಇತ್ತ್, ಒಂಚೂರ್.”

“ಮತ್ತೆ ಪ್ರತಿ ವರ್ಷ ಹೇಗೆ ಹೋದಿರಿ?”

“ಸಿಟ್ಟ್ ಹೋದ್ ಮೇಲ್ ಮಾಡುವ ಅಂದ್ರೆ ಯಾವತ್ತ್ ಆತ್ತ್?” ಅಂದರು. ಬಸ್ಸು ಸೇತುವೆ ದಾಟುವಾಗ ಕಿಟಕಿಯಿಂದ ಮುಖ ತೆಗೆಯದೆ ಕೇಳಿದರು: “ಅವ್ಳ್ ನಿನ್ನ್ ಒಳ್ಗ್ ಕರೀಲಿಲ್ಲ, ಅಲ್ದಾ? ಬಪ್ಪ್ ವರ್ಷ ಮತ್ತೆ ಹೋಪ.”

ಹೋದೆವು. ಅದರ ಮುಂದಿನ ವರ್ಷವೂ ಹೋದೆವು. ಉಳಿದ ಹನ್ನೊಂದು ಮಂದಿಗೂ ನಿಜ ಏನೆಂದು ಗಿರಿಜಳೇ ಸುದ್ದಿ ಮುಟ್ಟಿಸಿದ್ದಳು. ಅವಳ ಅಂಗಳದಲ್ಲಿ ಈಗ ಬಾಯಮ್ಮನ ಚಟ್ಟಿಗಳು ಸಾಲಾಗಿ, ಎಲ್ಲವೂ ಹಸಿರಾಗಿ ನಿಂತಿದ್ದವು. ಬಾಯಮ್ಮ ಒಳಗೆ, ನಾನು ಮೆಟ್ಟಿಲ ಮೇಲೆ. ಗಿರಿಜ ನನಗೆ ಊಟವನ್ನು ಹೊರಗೆ ತಂದಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಬಾಯಮ್ಮ ನನಗೆ ಜೇಡಿ ಹದ ಮಾಡುವುದನ್ನು, ಹೊಸೆಯುವುದನ್ನು ಕಲಿಸಿದರು. ಅವರ ಬೆರಳು ಹೋದಲ್ಲಿ ಜೇಡಿ ತಾನಾಗಿ ಏಳುತ್ತಿತ್ತು. ನನ್ನದು ಕುಸಿಯುತ್ತಿತ್ತು. ಕುಸಿದರೆ ನಗುವುದೂ ಇಲ್ಲ, ಬೈಯುವುದೂ ಇಲ್ಲ. ನೀರು ಚಿಮುಕಿಸಿ ಮತ್ತೆ ಮುದ್ದೆ ಮಾಡಿ ಮುಂದೆ ಇಡುವರು.

ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ಬಾಯಮ್ಮ ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ಇಗರ್ಜಿಯ ಅಂಗಳ ಹಂಚಿನ ಕಾರ್ಖಾನೆಯ ಹೆಂಗಸರಿಂದ ತುಂಬಿತ್ತು. ಗಿರಿಜ ಶವಪೆಟ್ಟಿಗೆಯ ಬಳಿ ನಿಂತಿದ್ದಳು. ನಾನು ದೂರದಲ್ಲೇ ಉಳಿದೆ.

ಡಿಸೆಂಬರ್ ಬಂತು. ನಾನು ಮಾಡಿದ ಒಂಬತ್ತು ಚಟ್ಟಿಗಳಲ್ಲಿ ಬೆಂಕಿಯಿಂದ ಉಳಿದು ಬಂದದ್ದು ಒಂದೇ. ಹೊಟ್ಟೆ ಒಂದು ಕಡೆ ವಾಲಿತ್ತು. ಅದರಲ್ಲಿ ಅಬ್ಬಲಿಗೆಯ ಗಿಡ ಇಟ್ಟು, ಚೀಲಕ್ಕೆ ಹುಲ್ಲು ತುಂಬಿ ಬೈಂದೂರಿನ ಬಸ್ಸು ಹತ್ತಿದೆ.

ಗಿರಿಜ ಮೀನು ತಿರುವುತ್ತಿದ್ದಳು. ನನ್ನನ್ನು ಕಂಡಳು, ಆದರೆ ಎದ್ದು ಒಳಗೆ ಹೋಗಲಿಲ್ಲ. ನಾನು ಚಟ್ಟಿಯನ್ನು ಸಾಲಿನ ಕೊನೆಯಲ್ಲಿಟ್ಟು, ಎಂದಿನಂತೆ ಮೆಟ್ಟಿಲ ಮೇಲೆ ಕೂತೆ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. ನನ್ನನ್ನು ಒಳಗೆ ಕರೆಯಲಿಲ್ಲ. ತಾನೇ ಅದೇ ಮೆಟ್ಟಿಲ ಮೇಲೆ, ನನ್ನ ಪಕ್ಕದಲ್ಲಿ ಕೂತಳು.

“ಕಡೀಗ್ ಎಂತಾರೂ ಹೇಳಿದ್ರಾ?” ಎಂದು ಕೇಳಿದಳು.

“ಇಲ್ಲ. ನಿಮಗೆ ಗೊತ್ತಲ್ಲ ಅವರು.”

“ಹೌದ್,” ಅಂದಳು ಗಿರಿಜ. ಆಮೇಲೆ ಬಸ್ಸಿನ ಹೊತ್ತಾಗುವವರೆಗೂ ನಾವಿಬ್ಬರೂ ಬಾಯಮ್ಮನ ವಿಷಯ ಮಾತಾಡಿದೆವು.